ಸ್ವಂತ ಕಾರಣಗಳಿಂದ

ಕಾಪುವಿನ ಸುಭಾಷಿಣಿಗೆ ದೆಹಲಿಯಲ್ಲಿ ಕೆಲಸ ಸಿಕ್ಕಿದಾಗ ಅದು ಎಂಥ ಕೆಲಸವೆಂದು ಊರಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಭಾರತ ಗ್ರಂಥಭಂಡಾರವೆಂದರೆ ದೇಶದ ದೊಡ್ಡ ಲೈಬ್ರರಿ ಎಂಬುದು ಸರಿ. ಆದರೆ ಅವಳು ಅಲ್ಲಿ ಪುಸ್ತಕ ಕೊಡುವವಳೂ ಅಲ್ಲ, ಜೋಡಿಸಿಡುವವಳೂ ಅಲ್ಲ. ಆ ಲೈಬ್ರರಿಯ ಚರಿತ್ರೆ ಬರೆಯುವವಳು.

"ರಾಜರಿಗೆ ಚರಿತ್ರೆ ಉಂಟು, ಯುದ್ಧಕ್ಕೆ ಉಂಟು. ಲೈಬ್ರರಿಗೆ ಎಂತ ಚರಿತ್ರೆ ಮಾರಾಯ್ತಿ?" ಎಂದು ತಾಯಿ ವೇದಾವತಿ ಕೇಳಿದ್ದರು.

"ಯಾರು ಕಟ್ಟಿದರು, ಯಾರು ನಡೆಸಿದರು ಅಂತ."

ತಾಯಿಗೆ ಸಮಾಧಾನವಾಗಲಿಲ್ಲ. ಆದರೂ ಸರಕಾರಿ ಕೆಲಸವಲ್ಲವೇ ಎಂದು ಸುಮ್ಮನಾದರು.

ಉಡುಪಿಯ ಕಾಲೇಜೊಂದರಲ್ಲಿ ನಾಲ್ಕಾರು ವರ್ಷ ಇತಿಹಾಸ ಪಾಠ ಮಾಡಿ ಬೇಸತ್ತಿದ್ದ ಸುಭಾಷಿಣಿಗೆ ಈ ಕೆಲಸ ಬಹಳ ಹಿಡಿಸಿತು. ಹಳೆಯ ನಡಾವಳಿಗಳನ್ನು ಓದುವುದು, ನಿವೃತ್ತರಾದವರನ್ನು ಅವರವರ ಊರಿಗೆ ಹೋಗಿ ಮಾತಾಡಿಸಿ ಟೇಪು ಮಾಡುವುದು. ಪಾಟ್ನಾ, ಮಧುರೈ, ನಾಗಪುರ ಎಂದು ತಿರುಗಿದಳು. ಮುದುಕರು ಅವಳ ಮುಂದೆ ಚಹಾ ತಣ್ಣಗಾಗುವವರೆಗೆ ಮಾತಾಡುತ್ತಿದ್ದರು. ಒಂದು ಹೆಸರು ಬಂದಾಗ ಮಾತ್ರ ಎಲ್ಲರ ದನಿಯೂ ಇಳಿಯುತ್ತಿತ್ತು: ಓದುಕೋಣೆಯ ಮೇಲ್ವಿಚಾರಕಿಯಾಗಿದ್ದ ಬೆನೆಡಿಕ್ಟಾ ಮತಾಯಸ್. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಎಪ್ಪತ್ತಾರರಲ್ಲಿ, ಅಪರೂಪದ ಪುಸ್ತಕಗಳನ್ನು ಕದ್ದಳೆಂದು ಅವಳನ್ನು ಕೆಲಸದಿಂದ ತೆಗೆದಿದ್ದರು. ಊರು ಕಾರ್ಕಳ.

ಎಂಬತ್ತಮೂರರ ಮೇ ತಿಂಗಳಲ್ಲಿ ರಜೆಗೆ ಬಂದ ಸುಭಾಷಿಣಿ ಪಡುಬಿದ್ರಿಗೆ ಹೋಗಿ, ಅಲ್ಲಿಂದ ಬೆಳ್ಮಣ್ ಮೇಲಾಗಿ ಕಾರ್ಕಳಕ್ಕೆ ಹೋಗುವ ಬಸ್ಸು ಹಿಡಿದಳು. ಆನೆಕೆರೆಯ ಹತ್ತಿರ ತಮ್ಮ ರೊಸಾರಿಯೊನ ಮನೆಯಲ್ಲಿ ಬೆನೆಡಿಕ್ಟಾ ಇದ್ದರು. ಐವತ್ತು ದಾಟಿದ ಹೆಂಗಸು, ನೆಟ್ಟಗೆ ನಿಲ್ಲುತ್ತಿದ್ದರು. ಯಾರು, ಎಲ್ಲಿಂದ ಎಂದು ತಿಳಿದದ್ದೇ ಮುಖ ಗಟ್ಟಿಯಾಯಿತು.

"ಇನ್ನೂ ಎಂತ ಕಳೆದಿದೆ ನಿಮ್ಮಲ್ಲಿ?"

"ಏನೂ ಕಳೆದಿಲ್ಲ ಬಾಯಿ. ನಾನು ಕಾಪುವಿನವಳು. ಲೈಬ್ರರಿಯ ಚರಿತ್ರೆ ಬರೆಯುತ್ತಿದ್ದೇನೆ. ನಿಮ್ಮ ಮಾತು ಕೇಳದೆ ನಿಮ್ಮ ಬಗ್ಗೆ ಬರೆಯಬಾರದು ಅಂತ ಬಂದೆ."

ಬೆನೆಡಿಕ್ಟಾ ಕೂತುಕೊಳ್ಳಲು ತುಳುವಿನಲ್ಲಿ ಹೇಳಿದರು. ಟೇಪು ತಿರುಗಲು ಶುರುವಾದಾಗ ಮಾತ್ರ ಕನ್ನಡಕ್ಕೆ ಬಂದರು. ತರಗತಿಯಲ್ಲಿ ನಿಂತು ಉತ್ತರ ಹೇಳುವವರಂತೆ ಒಂದೊಂದು ಶಬ್ದವನ್ನೂ ಪೂರ್ತಿ ಹೇಳಿದರು.

"ಒಬ್ಬರು ಮೇಷ್ಟ್ರು ದಿನಾ ಬರುತ್ತಿದ್ದರು. ಕಿಟಕಿಯ ಹತ್ತಿರ ಕೂತು ಓದುತ್ತಿದ್ದರು. ಒಂದು ದಿನ ಪೊಲೀಸರ ಕಡೆಯ ಇಬ್ಬರು ಬಂದು ಕೇಳಿದರು, ಈ ಮನುಷ್ಯ ಎಂತ ಓದುತ್ತಾನೆ, ಯಾರ ಹತ್ತಿರ ಮಾತಾಡುತ್ತಾನೆ ಅಂತ. ನಾನು ಹೇಳುವುದಿಲ್ಲ ಎಂದೆ. ಆ ಕೋಣೆಯಲ್ಲಿ ಕೂತವರು ನಮ್ಮನ್ನು ನಂಬಿ ಬೆನ್ನು ಹಾಕಿ ಕೂತಿರುತ್ತಾರೆ, ಅಲ್ವಾ? ಆಮೇಲೆ ಕೆದಿಲಾಯರು ಕರೆಸಿದರು."

ರಘುಪತಿ ಕೆದಿಲಾಯರು ಆಗ ಲೈಬ್ರರಿಯ ಉಪನಿರ್ದೇಶಕರು, ಉಡುಪಿಯವರೇ. ಬೆನೆಡಿಕ್ಟಾರನ್ನು ಕೆಲಸಕ್ಕೆ ಸೇರಿಸಿದವರೂ ಅವರೇ.

"'ಹೇಳಿಬಿಡಿ ಬಾಯಿ, ನಿಮಗೆ ಯಾಕೆ ಊರ ಉಸಾಬರಿ' ಅಂದರು. ನಾನು ಹೇಳಲಿಲ್ಲ. ಒಂದು ತಿಂಗಳೊಳಗೆ ನನ್ನ ವಿಭಾಗದಲ್ಲಿ ಮೂರು ಪುಸ್ತಕ ಇಲ್ಲ ಅಂತಾಯಿತು. ವಿಚಾರಣೆ ಮಾಡಿದರು. ನನ್ನ ಕೋಣೆಯ ಪೆಟ್ಟಿಗೆ ಬಿಚ್ಚಿ ನೋಡಿದರು. ಎಂತದೂ ಸಿಗಲಿಲ್ಲ. ಆದರೂ ಕಳ್ಳಿ ಅಂತಾಯಿತು."

"ಆಮೇಲೆ?"

"ಆಮೇಲೆ ಎಂತ? ಇಲ್ಲಿಯ ಎರಡು ಕಾಲೇಜುಗಳು ಲೈಬ್ರರಿಗೆ ಬನ್ನಿ ಅಂತ ಕರೆದವು. ದೆಹಲಿಗೆ ಕೇಳಿ ನೋಡಿದ ಮೇಲೆ ಸುಮ್ಮನಾದವು. ಈಗ ಮಕ್ಕಳಿಗೆ ಇಂಗ್ಲಿಷ್ ಟ್ಯೂಶನ್ ಹೇಳುತ್ತೇನೆ. ಹಬ್ಬಕ್ಕೆ ನೆಂಟರು ಬಂದರೆ ರೊಸಾರಿಯೊನ ಹೆಂಡತಿ ಕಪಾಟಿಗೆ ಬೀಗ ಹಾಕುತ್ತಾಳೆ. ನೆಂಟರಿಗೆ ಹೆದರಿ ಅಂತ ಹೇಳುತ್ತಾಳೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಬೆನೆಡಿಕ್ಟಾ ದನಿ ತಗ್ಗಿಸಲಿಲ್ಲ.

"ಇದನ್ನು ನಾನು ಬರೆಯುತ್ತೇನೆ ಬಾಯಿ," ಎಂದಳು ಸುಭಾಷಿಣಿ.

"ಬರೆಯುವುದು ನಿಮ್ಮ ಕೈಯಲ್ಲಿದೆ. ಅಚ್ಚು ಹಾಕುವುದು ಯಾರ ಕೈಯಲ್ಲಿದೆ?"

ಸುಭಾಷಿಣಿ ಟೇಪನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ಕೂತವಳ ಮೈಯೆಲ್ಲ ಬಿಸಿಯಾಗಿತ್ತು. ಇಷ್ಟು ವರ್ಷ ಊರೂರು ತಿರುಗಿದ್ದು ಈ ಒಂದು ಮಾತಿಗಾಗಿಯೇ ಎಂದು ಅವಳಿಗೆ ಅನಿಸಿತು.

ಕೆದಿಲಾಯರು ನಿವೃತ್ತರಾಗಿ ಮಣಿಪಾಲದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಅವರು ಬಾಯಿ ಬಿಡಲಿಕ್ಕಿಲ್ಲ ಎಂದುಕೊಂಡೇ ಸುಭಾಷಿಣಿ ಮರುವಾರ ಅಲ್ಲಿಗೆ ಹೋದಳು. ಕೆದಿಲಾಯರು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಟೇಪು ತಿರುಗುತ್ತಲೇ ಇತ್ತು.

"ಪುಸ್ತಕ ಎಲ್ಲಿ ಕಳೆದಿತ್ತು ಮಾರಾಯ್ತಿ? ಬೈಂಡಿಂಗಿಗೆ ನಾನೇ ಕಳಿಸಿದ್ದು. ವಿಚಾರಣೆ ಮುಗಿದ ಮೇಲೆ ವಾಪಸು ತರಿಸಿದೆ. ಮೇಲಿನಿಂದ ಒತ್ತಡ ಇತ್ತು, ಅವಳನ್ನು ತೆಗೆಯಬೇಕು ಅಂತ. ಅವಳು ಉತ್ತರ ಹೇಳಲಿಲ್ಲ ಅಂತ ತೆಗೆಯಲಿಕ್ಕಾಗುತ್ತದಾ? ಏನಾದರೊಂದು ಕಾರಣ ಬೇಕಿತ್ತು."

"ಇದನ್ನು ಬರೆಯಬಹುದೇ ಸರ್?"

"ಬರೆಯಿರಿ. ಈ ಪ್ರಾಯದಲ್ಲಿ ನನಗೆ ಎಂತ ಹೆದರಿಕೆ?" ಎಂದು ನಕ್ಕು ಒಳಗಿನಿಂದ ಕಾಫಿ ತರಿಸಿದರು.

ಸುಭಾಷಿಣಿ ಕಾಫಿ ಮುಟ್ಟದೆ ಎದ್ದಳು. ಆದರೂ ಕೆಲಸ ಗೆದ್ದೆನೆಂದೇ ಇಳಿದು ಬಂದಳು.

ದೆಹಲಿಗೆ ಹೋಗಿ ಎಪ್ಪತ್ತಾರರ ಆ ಅಧ್ಯಾಯವನ್ನು ಬರೆದಳು. ಅಷ್ಟು ಚೆನ್ನಾಗಿ ಅವಳು ಮತ್ತೆಂದೂ ಬರೆಯಲಿಲ್ಲ. ಹೊಸ ನಿರ್ದೇಶಕರು ಸಭ್ಯ ಮನುಷ್ಯ. ಅವಳ ಬರವಣಿಗೆಯನ್ನು ಮೆಚ್ಚಿಕೊಂಡರು. ಮೆಚ್ಚಿಕೊಂಡು, "ಸಂಸ್ಥೆಯ ಚರಿತ್ರೆ ಎಂದರೆ ನ್ಯಾಯಾಲಯವಲ್ಲ," ಎಂದರು. ಅವಳು ವಾದಿಸಿದಳು. ಟೇಪು ಇದೆ ಎಂದಳು. ಟೇಪು ಸಂಸ್ಥೆಯದ್ದು, ಸಂಸ್ಥೆಗೆ ಒಪ್ಪಿಸಿ ಎಂದರು. ಒಪ್ಪಿಸಿದಳು. ಬೇರೊಂದು ಪ್ರತಿ ಮಾಡಿಕೊಳ್ಳಬೇಕೆಂದು ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ನಿಯಮ ಪಾಲಿಸುವವರ ಮನೆಯಲ್ಲಿ ಹುಟ್ಟಿದವಳು ಅವಳು. ಆರು ತಿಂಗಳ ನಂತರ ಕೇಳಿದಾಗ, ಕ್ಯಾಸೆಟ್ ಕೊರತೆಯಿದ್ದುದರಿಂದ ಅವುಗಳ ಮೇಲೆ ಯಾವುದೋ ವಿಚಾರಗೋಷ್ಠಿಯ ಭಾಷಣಗಳನ್ನು ತುಂಬಿಸಿದ್ದಾರೆಂದು ಗೊತ್ತಾಯಿತು.

ಎಳೆದಾಟ ಎರಡು ವರ್ಷ ನಡೆಯಿತು. ಕೊನೆಗೆ ನಿರ್ದೇಶಕರೇ ಒಂದು ದಾರಿ ತೋರಿಸಿದರು. ಅಧ್ಯಾಯ ಬೇಡ. ಬದಲಿಗೆ ದಾಖಲೆಯಲ್ಲಿರುವ ಕಳವಿನ ಮಾತನ್ನೂ ಪುಸ್ತಕದಿಂದ ತೆಗೆದುಬಿಡೋಣ. 'ಕುಮಾರಿ ಮತಾಯಸ್ ೧೯೭೬ರಲ್ಲಿ ಸ್ವಂತ ಕಾರಣಗಳಿಂದ ಸೇವೆಯಿಂದ ನಿವೃತ್ತರಾದರು' ಎಂದಿರಲಿ. "ಆ ಹೆಂಗಸಿನ ಮೇಲಿನ ಕಳಂಕವೂ ಹೋಯಿತಲ್ಲ? ನೀವು ಬಯಸಿದ್ದೂ ಅದನ್ನೇ."

ಸುಭಾಷಿಣಿ ಎರಡು ದಿನ ಯೋಚಿಸಿದಳು. ಏನೂ ಇಲ್ಲದ್ದಕ್ಕಿಂತ ಇದು ವಾಸಿ ಎಂದು ತನಗೆ ತಾನೇ ಹೇಳಿಕೊಂಡು ಒಪ್ಪಿದಳು. ಬೆನೆಡಿಕ್ಟಾರಿಗೆ ಈ ವಿಷಯ ತಿಳಿಸಲಿಲ್ಲ. ಎದುರು ಕೂತು ಹೇಳಿದರಾಯಿತು ಎಂದು ಮುಂದೂಡಿದಳು.

ಎಂಬತ್ತಾರರ ಡಿಸೆಂಬರಿನಲ್ಲಿ ಪುಸ್ತಕ ಹೊರಬಂತು. ಮುಖಪುಟದಲ್ಲಿ ಅವಳ ಹೆಸರು, ಒಳಗೆ ಕೆದಿಲಾಯರ ಮುನ್ನುಡಿ. ಅವರ ಅರವತ್ತೈದನೆಯ ವರ್ಷದ ಸನ್ಮಾನದ ಜೊತೆಗೆ ಮಣಿಪಾಲದಲ್ಲಿ ಬಿಡುಗಡೆ ಎಂದಾಯಿತು. ಬೆನೆಡಿಕ್ಟಾ ಬರಲಿಕ್ಕಿಲ್ಲವೆಂದುಕೊಂಡೇ ಸುಭಾಷಿಣಿ ಅವರಿಗೂ ಹೇಳಿಕಳಿಸಿದ್ದಳು. ಅವರು ಬಂದರು. ತಿಳಿನೀಲಿ ರೇಷ್ಮೆ ಸೀರೆ ಉಟ್ಟು, ರೊಸಾರಿಯೊನನ್ನೂ ಅವನ ಹೆಂಡತಿ ಆನಿಯನ್ನೂ ಕರೆದುಕೊಂಡು ಬಂದು, ಸಭಾಂಗಣದ ಮುಂದಿನ ಸಾಲುಗಳಲ್ಲೇ ಕೂತರು. ವೇದಿಕೆಯಿಂದ ಅವರನ್ನು ನೋಡಿದ ಸುಭಾಷಿಣಿ ಕುರ್ಚಿಯಿಂದ ಅರ್ಧ ಎದ್ದಳು. ಇಳಿದು ಹೋಗಿ ಹೇಳಬೇಕೆಂದರೆ ಅಷ್ಟರಲ್ಲಿ ಪ್ರಾರ್ಥನೆ ಶುರುವಾಗಿತ್ತು.

ಹಾರ, ಶಾಲು, ಭಾಷಣಗಳಾದವು. ಪುಸ್ತಕವನ್ನು ಸಭಿಕರಿಗೆ ಹಂಚಿದರು. ಬೆನೆಡಿಕ್ಟಾ ಕನ್ನಡಕ ಹಾಕಿಕೊಂಡರು. ನುರಿತ ಲೈಬ್ರೇರಿಯನ್ ಅಲ್ಲವೇ, ಮೊದಲಿನಿಂದ ಓದಲಿಲ್ಲ. ಕೊನೆಯಲ್ಲಿದ್ದ ಹೆಸರುಗಳ ಅಕಾರಾದಿಯನ್ನು ತೆರೆದು ತಮ್ಮ ಹೆಸರು ಹುಡುಕಿ, ನೇರ ಆ ಪುಟಕ್ಕೆ ಹೋದರು. ಓದಿದರು. ಹಾಳೆಯ ಹಿಂದು ಮುಂದು ತಿರುವಿದರು, ಇನ್ನೂ ಇರಬೇಕು ಎಂಬಂತೆ. ಆನಿ ಬಗ್ಗಿ ನೋಡಿ ಏನೋ ಕೇಳಿದಳು. ಬೆನೆಡಿಕ್ಟಾ ಪುಸ್ತಕ ಮುಚ್ಚಿದರು.

ಸಭೆ ಮುಗಿದ ಮೇಲೆ ಕೆದಿಲಾಯರೇ ಅವರನ್ನು ಗುರುತಿಸಿ ಹತ್ತಿರ ಬಂದರು. ಕೊರಳಿನಲ್ಲಿ ಮಲ್ಲಿಗೆಯ ಹಾರ ಹಾಗೆಯೇ ಇತ್ತು.

"ಓ, ಬೆನೆಡಿಕ್ಟಾ ಬಾಯಿ! ಬಂದದ್ದು ಬಹಳ ಸಂತೋಷ. ನಾನು ಆಗ ಪೊಲೀಸ್ ಕೇಸು ಆಗಲಿಕ್ಕೆ ಬಿಡಲಿಲ್ಲ, ಗೊತ್ತುಂಟಲ್ಲ? ನಮ್ಮ ಊರಿನವರಲ್ಲವಾ ಅಂತ."

"ಗೊತ್ತುಂಟು ಸರ್," ಎಂದರು ಬೆನೆಡಿಕ್ಟಾ. "ನೀವು ಮಾಡಿದ್ದನ್ನು ನಾನು ಮರೆತಿಲ್ಲ."

ಕೆದಿಲಾಯರು ಅದನ್ನು ಕೃತಜ್ಞತೆ ಎಂದೇ ತಿಳಿದು ಕೈ ಮುಗಿದು ಮುಂದೆ ಹೋದರು.

ಸುಭಾಷಿಣಿ ಬಸ್‌ಸ್ಟಾಪಿನವರೆಗೂ ಹಿಂದೆಯೇ ನಡೆದಳು. ರೊಸಾರಿಯೊ ಮತ್ತು ಆನಿ ಬೇಕೆಂದೇ ದೂರ ನಿಂತರು.

"ಬಾಯಿ, ಕಳವಿನ ಮಾತನ್ನಾದರೂ ತೆಗೆಸಿದೆ. ಅಷ್ಟೇ ಆಗಿದ್ದು ನನ್ನಿಂದ."

"ಯಾಕೆ ತೆಗೆಸಿದಿರಿ?"

ಸುಭಾಷಿಣಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಕಳ್ಳಿ ಅಂತಲೇ ಬಿಡಬೇಕಿತ್ತು," ಎಂದರು ಬೆನೆಡಿಕ್ಟಾ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಕಳ್ಳಿ ಅಂತ ಇದ್ದಿದ್ದರೆ ನೂರು ವರ್ಷದ ಮೇಲಾದರೂ ಯಾರಾದರೂ ಒಬ್ಬರು ಹೌದಾ ಅಂತ ಕೇಳುತ್ತಿದ್ದರು. ನಿಮ್ಮ ಹಾಗೆ ಒಬ್ಬರು ಹುಡುಕಿಕೊಂಡು ಬರುತ್ತಿದ್ದರು. ಈಗ ಎಂತ ಉಂಟು ಹುಡುಕಲಿಕ್ಕೆ? ನಾನೇ ಬಿಟ್ಟು ಬಂದದ್ದು. ಅವರು ನನಗೆ ಎಂತದೂ ಮಾಡಲೇ ಇಲ್ಲ."

"ನಾನು ಒಪ್ಪಬಾರದಿತ್ತು."

"ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು. ಬರೆಯುವ ಮೊದಲು ಕೇಳಲಿಕ್ಕೆ ಬಂದಿರಿ. ಅಳಿಸುವ ಮೊದಲು ಯಾಕೆ ಬರಲಿಲ್ಲ?"

ಕಾರ್ಕಳದ ಬಸ್ಸು ಬಂತು. ಬೆನೆಡಿಕ್ಟಾ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಹತ್ತಿದರು. ಹಿಂದೆ ಹತ್ತಿದ ಆನಿ, "ನೀವು ತೆಗೆಸಿದ್ದು ಒಳ್ಳೆಯದಾಯಿತು ಅಕ್ಕಾ, ನಮಗೂ ಮರ್ಯಾದೆ ಉಂಟಲ್ವಾ," ಎಂದು ಪಿಸುಗುಟ್ಟಿ ಹೋದಳು. ಅದನ್ನು ಕೇಳಿದ ಮೇಲೆ ಸುಭಾಷಿಣಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ.

ಮರುದಿನ ಕಾಪುವಿನ ಮನೆಯಲ್ಲಿ ತಾಯಿ ಪುಸ್ತಕವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು.

ದೆಹಲಿಗೆ ಮರಳಿದವಳು ತಿದ್ದುಪಡಿ ಹಾಕಬೇಕೆಂದು ಕೇಳಿದಳು, ನಿರ್ದೇಶಕರು ನಕ್ಕರು. ಅವಳು ರಾಜೀನಾಮೆ ಕೊಡಲಿಲ್ಲ. ಬೇಸತ್ತು ಬಿಟ್ಟ ಕಾಲೇಜಿನ ಪಾಠಕ್ಕೆ ಮರಳುವ ಮನಸ್ಸಿರಲಿಲ್ಲ. ಆದರೆ ಆ ವರ್ಷದಿಂದ, ಹೊಸದಾಗಿ ಸೇರಿದ ಲೈಬ್ರೇರಿಯನ್ನರಿಗೆ ಸಂಸ್ಥೆಯ ಪರಿಚಯ ಮಾಡಿಸುವ ಪಾಠದಲ್ಲಿ, ಬೆನೆಡಿಕ್ಟಾ ಮತಾಯಸ್ ಎಂಬ ಹೆಂಗಸು ಕಿಟಕಿಯ ಹತ್ತಿರ ಕೂತ ಒಬ್ಬ ಮೇಷ್ಟ್ರನ್ನು ಬಿಟ್ಟುಕೊಡದೆ ಹೋದ ಕತೆಯನ್ನು ಬಾಯಲ್ಲೇ ಹೇಳತೊಡಗಿದಳು. ಯಾರು ಮಾಡಿದ್ದು, ಹೇಗೆ ಮಾಡಿದ್ದು, ಎಲ್ಲವನ್ನೂ ಹೆಸರು ಹಿಡಿದು ಹೇಳಿದಳು.

ಮೊದಲ ಸಲ ಹೇಳಿ ಮುಗಿಸಿದಾಗ ಚುರುಕಾದ ಒಬ್ಬ ತರುಣಿ ಎದ್ದು ನಿಂತಳು. ಮುಂದಿನ ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ತೆರೆದು ಹಿಡಿದಿದ್ದಳು.

"ಮೇಡಂ, ಇದರಲ್ಲಿ ಹಾಗಿಲ್ಲವಲ್ಲ? ಅವರೇ ಬಿಟ್ಟು ಹೋದರು ಎಂದಿದೆ. ಯಾವುದನ್ನು ನಾವು ಸರಿ ಎಂದು ತಿಳಿಯಬೇಕು?"

"ನಾನು ಹೇಳಿದ್ದನ್ನು."

ತರುಣಿ ಮುಖಪುಟದ ಮೇಲಿನ ಹೆಸರನ್ನೊಮ್ಮೆ, ಸುಭಾಷಿಣಿಯನ್ನೊಮ್ಮೆ ನೋಡಿದಳು. ಆಮೇಲೆ ವಿನಯದಿಂದ ಕೂತು, ಪುಸ್ತಕದಲ್ಲಿದ್ದುದನ್ನೇ ಬರೆದುಕೊಂಡಳು.