ತೋಳಿನ ಮೂರು ಗೆರೆ

ವಿಚಾರಣೆಯ ಕೋಣೆಯಲ್ಲಿ ಅವಳಿಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಯುದ್ಧನೌಕೆಯನ್ನು ಅಪಹರಿಸುವುದು ಆಗದ ಹೋಗದ ಮಾತು ಎಂದು ಅಧಿಕಾರಿ ಮೆಲುದನಿಯಲ್ಲಿ ವಿವರಿಸಿದರು. ಎಂಜಿನ್ ಸಿದ್ಧವಾಗಲು ನಾಲ್ಕು ತಾಸು ಬೇಕು, ನಡೆಸಲು ನೂರು ಜನ ಬೇಕು. ನೌಕಾಪಡೆಯ ಸಮವಸ್ತ್ರ ತೊಟ್ಟು ಒಳಹೊಕ್ಕ ಆರು ಮಂದಿಗೆ ಹಡಗು ಕಟ್ಟಿದ ಹಗ್ಗ ಬಿಚ್ಚುವುದಕ್ಕೂ ಆಗಿರಲಿಲ್ಲ. ಇಪ್ಪತ್ತೇ ನಿಮಿಷದಲ್ಲಿ ಸಿಕ್ಕಿಬಿದ್ದರು. ಅಷ್ಟರಲ್ಲಿ ಸತ್ತವನು ಒಬ್ಬನೇ. ಹಡಗು ಹತ್ತುವ ಏಣಿಯ ಬಳಿ ಕಾವಲಿದ್ದ ಅವಳ ತಮ್ಮ.

ತಮ್ಮನೂ ಹೀಗೇ ಹೇಳುತ್ತಿದ್ದ. ಇವಳೋ ಪುಕ್ಕಲು ಜೀವ, ಮಲಗುವ ಮುನ್ನ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವವಳು. "ನಮ್ಮ ಹಡಗನ್ನ ಯಾರು ಕದೀತಾರೆ ಅಕ್ಕ? ಅದನ್ನ ಎಬ್ಬಿಸೋಕೆ ನಮಗೇ ಅರ್ಧ ದಿನ ಬೇಕು. ನಿನ್ನ ಇಸ್ತ್ರಿಪೆಟ್ಟಿಗೆ ಜೋಪಾನ ನೋಡ್ಕೋ," ಎಂದು ಚುಡಾಯಿಸುತ್ತಿದ್ದ.

ಬಂದರಿನ ಗೇಟಿನೆದುರು ಅವಳ ಇಸ್ತ್ರಿ ಅಂಗಡಿ. ತಮ್ಮನ ಹಡಗಿನವರ ಅಂಗಿಗೆ ಮಾತ್ರ ತೋಳಿನ ಮೇಲೆ ಇಸ್ತ್ರಿ ಒತ್ತಿ ಮೂರು ಗೆರೆ ಕೂರಿಸುತ್ತಿದ್ದಳು, ಬೇರೆ ಹಡಗಿನ ಬಟ್ಟೆಯೊಡನೆ ಬೆರೆಯದಿರಲೆಂದು. ಏಣಿ ಹತ್ತುವವನ ತೋಳು ಕಂಡರೆ ಸಾಕು, ನಮ್ಮವನೋ ಅಲ್ಲವೋ ತಿಳಿಯುತ್ತದೆ ಎಂದು ತಮ್ಮನಿಗೆ ಹೆಮ್ಮೆ.

ಈಗ ಸಿಕ್ಕಿಬಿದ್ದ ಆರು ಮಂದಿಯ ಅಂಗಿಗಳು ಮೇಜಿನ ಮೇಲಿದ್ದವು. ಮುದುಡಿದ್ದರೂ ಗೆರೆಗಳು ಅಳಿಸಿರಲಿಲ್ಲ. ಪಕ್ಕದ ಕಡತದಲ್ಲಿ ಒಂದು ಸಾಲು: ಗುರುತಿನ ಚೀಟಿ ನೋಡದೆ ಒಳಗೆ ಬಿಟ್ಟದ್ದು ಕಾವಲುಗಾರನ ನಿರ್ಲಕ್ಷ್ಯ.

ಅವಳು ಒಂದು ಅಂಗಿಯ ತೋಳನ್ನು ಮುಟ್ಟಿ ನೋಡಿದಳು. ಆ ದಿನ ಬೆಳಿಗ್ಗೆ ಒಬ್ಬ ಬಂದು ಹಡಗಿನ ಆರು ಜೊತೆ ಬಟ್ಟೆ ಕೇಳಿದ್ದ, ಅಂಗಡಿಯ ಚೀಟಿ ಮರೆತೆನೆಂದಿದ್ದ. ಚೀಟಿಯಿಲ್ಲದೆ ಕರವಸ್ತ್ರವನ್ನೂ ಕೊಡದವಳು ಅವಳು. ಆದರೆ ಅವನು, ನಿಮ್ಮ ಗುಬ್ಬಿಯೇ ಕಳಿಸಿದ್ದು ಎಂದ. ಗುಬ್ಬಿ ಎಂದರೆ ಹಡಗಿನವರೆಲ್ಲ ತಮ್ಮನನ್ನು ಕರೆಯುವ ಹೆಸರು. ಅಷ್ಟು ಕೇಳಿದ್ದೇ ಗಂಟು ಕಟ್ಟಿ ಕೊಟ್ಟಿದ್ದಳು.

ಒಂದೂ ಬಿಡದೆ ಹೇಳಿದಳು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ಇದನ್ನ ನೀವು ಹೇಳದೇ ಇದ್ದಿದ್ರೆ ನಿಮ್ಮನ್ನ ಯಾರೂ ಕೇಳ್ತಿರಲಿಲ್ಲ, ಅಮ್ಮ."

"ಅವನು ನೋಡದೆ ಬಿಟ್ಟಿಲ್ಲ ಸಾರ್. ನೋಡೇ ಬಿಟ್ಟ. ಅವನು ನೋಡಿದ್ದು ನನ್ನ ಕೈಕೆಲಸ."

ನಿಯಮ ನಿಯಮವೇ, ಬರೆದ ಮಾತನ್ನು ಹೊಡೆದುಹಾಕಲು ಬರುವುದಿಲ್ಲ, ಬೇಕಾದರೆ ಕೆಳಗೆ ಇವಳ ಹೇಳಿಕೆ ಸೇರಿಸಬಹುದು, ಆದರೆ ಅದರಿಂದ ಇವಳಿಗೂ ತೊಂದರೆಯಾದೀತು ಎಂದರು ಅವರು. ಬರೆಯಿರಿ ಎಂದಳು. ಬರೆದದ್ದನ್ನು ಎರಡು ಸಲ ಓದಿ ಸಹಿ ಹಾಕಿದಳು.

ನಿರ್ಲಕ್ಷ್ಯ ಎಂಬ ಪದ ಮೇಲೆ ಹಾಗೆಯೇ ಇತ್ತು. ಅದರ ಕೆಳಗೆ ಈಗ ತಮ್ಮ ಒಂಟಿಯಾಗಿರಲಿಲ್ಲ.