ಗೋಡೆಯ ಕಿವಿ

ಹಾಲ್‌ನ ಬಾಗಿಲನ್ನು ಅರ್ಧ ತಳ್ಳಿ ಗೋಲಿ ಅಲ್ಲೇ ನಿಂತಳು. ಒಳಗೆ ಯಾರ್ಯಾರು ಬಂದಿದ್ದಾರೆ, ಯಾರ ಪಕ್ಕ ಯಾರು ಕೂತಿದ್ದಾರೆ, ತನ್ನನ್ನು ಕಂಡು ಯಾರ ಮಾತು ಅರ್ಧಕ್ಕೆ ನಿಂತಿತು, ಇಷ್ಟನ್ನೂ ನೋಡಿಕೊಂಡ ಮೇಲೆಯೇ ಹೂಗುಚ್ಛ ಹಿಡಿದು ಒಳಗೆ ಕಾಲಿಟ್ಟಳು. ಮೂರನೆಯ ಸಾಲಿನಲ್ಲಿ ಲೆಫ್ಟಿ ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಆಕಳಿಕೆಯೋ ಗುಟ್ಟೋ ತಿಳಿಯಲಿಲ್ಲ.

ಗೋಲಿ ಎಂಬುದು ಅಡ್ಡಹೆಸರು. ಗೋಲ್ ಕಾಯುತ್ತಿದ್ದ ಕಾಲದಲ್ಲಿ ಅಂಟಿಕೊಂಡದ್ದು, ಫುಟ್‌ಬಾಲ್ ಸಂಘದ ಉಪಾಧ್ಯಕ್ಷೆಯಾದರೂ ಬಿಟ್ಟಿರಲಿಲ್ಲ. ಮುಂದುಗಡೆ ಶವಪೆಟ್ಟಿಗೆಯಲ್ಲಿ ಮಲಗಿದ್ದವಳು ಗೋಡೆ, ಅದೂ ಆಟದ ಕಾಲದ ಅಡ್ಡಹೆಸರೇ. ಹನ್ನೊಂದು ವರ್ಷ ಗೋಲಿಯ ಮುಂದೆ ನಿಂತು ಆಡಿದ ಡಿಫೆಂಡರ್. ಅವಳ ಮಗಳು ನಿನ್ನೆ ಫೋನ್ ಮಾಡಿದ್ದಳು. “ಅಮ್ಮ ಹೋದ್ರು. ನಾಳೆ ತಪ್ಪದೆ ಬನ್ನಿ. ನಿಮ್ಮನ್ನ ಒಂದು ಮಾತು ಕೇಳೋದಿದೆ. ಫೋನಲ್ಲಿ ಬೇಡ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗೋಲಿಯ ಕೈ ನಿನ್ನೆಯಿಂದ ಹೆಗಲ ಮೇಲೆಯೇ ಇತ್ತು. ಮುಂದಿನ ತಿಂಗಳು ಹುಡುಗಿಯರ ಹೊಸ ಅಭ್ಯಾಸ ಮೈದಾನಕ್ಕೆ ಗೋಲಿಯ ಹೆಸರಿಡುವವರಿದ್ದರು. ಇಪ್ಪತ್ತೇಳು ವರ್ಷ ಸುಮ್ಮನಿದ್ದ ಗೋಡೆ ಸಾಯುವ ಮುಂಚೆ ಬಾಯಿಬಿಟ್ಟಿದ್ದರೆ ಆ ಹೆಸರಿನ ಫಲಕವನ್ನು ಗೋದಾಮಿಗೆ ಸಾಗಿಸಬೇಕಾಗುತ್ತಿತ್ತು.

ಹೂ ಇಟ್ಟು ಬಂದು ಲೆಫ್ಟಿಯ ಪಕ್ಕ ಕೂತಳು. ಅದೇ ತಂಡದ ಎಡಬದಿಯಲ್ಲಿ ಓಡಿ ಓಡಿಯೇ ಮಂಡಿ ಸವೆಸಿಕೊಂಡವಳು ಲೆಫ್ಟಿ.

“ಬಂದ್ಯಾ? ನೀನು ಬರಲ್ಲ ಅಂದ್ಕೊಂಡಿದ್ದೆ.”

“ಯಾಕೆ ಬರಬಾರದು?”

“ಬರಬಾರದು ಅಂತ ಯಾರಂದ್ರು? ಇಷ್ಟು ವರ್ಷ ಅವಳ ಮನೆ ಕಡೆ ತಲೆ ಹಾಕಿ ಮಲಗಿದವಳಲ್ಲ, ಅದಕ್ಕೆ ಅಂದೆ.”

“ಕೆಲಸ ಕಣೇ.”

“ಇರತ್ತೆ ಬಿಡು. ನಾನು ಕೊನೇ ತಿಂಗಳು ದಿನಾ ಹೋಗ್ತಿದ್ದೆ. ಹಳೇದೆಲ್ಲ ಮಾತಾಡ್ತಿದ್ಲು. ನಿನ್ನ ಸುದ್ದಿನೇ ಜಾಸ್ತಿ.”

“ನನ್ನ ಸುದ್ದಿ ಏನಿರತ್ತೆ?”

ಲೆಫ್ಟಿ ಅವಳ ಮುಖವನ್ನೇ ನೋಡಿದಳು. “ನಿನಗೆ ಗೊತ್ತಿಲ್ಲದ್ದೇನು?” ಎಂದು ಕರವಸ್ತ್ರದಿಂದ ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ಹಿಂದಿನಿಂದ ಕೋಲು ಭುಜಕ್ಕೆ ತಾಗಿತು. ಅವರ ಹಳೆಯ ಕೋಚ್. ಎಂಬತ್ತು ದಾಟಿದರೂ ಕರೆಯುವುದಕ್ಕೆ ಕೋಲನ್ನೇ ಬಳಸುವ ಅಭ್ಯಾಸ ಹೋಗಿರಲಿಲ್ಲ. “ನಿನ್ನ ಹತ್ರ ಒಂದು ವಿಷಯ ಮಾತಾಡ್ಬೇಕು. ಇಲ್ಲಿ ಬೇಡ, ಎಲ್ಲ ಮುಗೀಲಿ” ಎಂದು ಪಿಸುಗುಟ್ಟಿದ.

ಮಗಳು, ಲೆಫ್ಟಿ, ಈಗ ಇವನೂ. ಮೂವರೂ ಸೇರಿಯೇ ಕರೆಸಿದ್ದಾರೆ ಎಂದು ಗೋಲಿಗೆ ಖಾತ್ರಿಯಾಯಿತು. ಬಾಗಿಲು ಎಷ್ಟು ದೂರವಿದೆಯೆಂದು ಒಮ್ಮೆ ತಿರುಗಿ ನೋಡಿದಳು.

*

ಗೋಡೆ ಕ್ಲಬ್ಬಿಗೆ ಬಂದಾಗ ಹತ್ತೊಂಬತ್ತು ವರ್ಷ. ಓಟ ಸಾಧಾರಣ, ಎತ್ತರವೂ ಅಷ್ಟಕ್ಕಷ್ಟೆ. ಆದರೆ ಅನುಮಾನದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎದುರಾಳಿ ಎಡಕ್ಕೆ ನೋಡಿದರೆ ಬಲಕ್ಕೆ ಹೋಗುತ್ತಾಳೆಂದು ಅನುಮಾನ, ಕುಂಟಿದರೆ ನಾಟಕವೆಂದು ಅನುಮಾನ, ರೆಫ್ರಿ ನಕ್ಕರೆ ಯಾಕೆ ನಕ್ಕನೆಂದು ಅನುಮಾನ. ದೇಶದ ತಂಡಕ್ಕೆ ನಲವತ್ತು ಪಂದ್ಯ ಆಡಿದ್ದು ಈ ಗುಣದಿಂದಲೇ.

“ಕಣ್ಣು ಸುಳ್ಳು ಹೇಳತ್ತೆ, ಭುಜ ಸುಳ್ಳು ಹೇಳತ್ತೆ. ಸೊಂಟಕ್ಕೆ ಮಾತ್ರ ಸುಳ್ಳು ಹೇಳೋಕೆ ಬರಲ್ಲ. ಅದನ್ನ ನೋಡ್ತಿರಿ” ಎಂದು ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದಳು.

“ಹಾಗಾದ್ರೆ ಯಾರನ್ನೂ ನಂಬಬಾರದಾ ಅಕ್ಕಾ?” ಎಂದು ಒಬ್ಬಳು ಕೇಳಿದ್ದಳು.

“ಒಬ್ಬಳನ್ನ ನಂಬಬೇಕು. ಬೆನ್ನ ಹಿಂದೆ ಇರೋಳನ್ನ. ತಿರುಗಿ ನೋಡೋಕೆ ಟೈಮ್ ಎಲ್ಲಿರತ್ತೆ? ಅವಳು ಕೂಗಿದ್ಲು ಅಂದ್ರೆ ಮುಗೀತು.”

ಗೋಲಿ ‘ಒದಿ’ ಎಂದು ಕೂಗಿದರೆ ಗೋಡೆ ಚೆಂಡನ್ನು ಒದ್ದು ದೂರ ಅಟ್ಟಬೇಕು. ‘ನಂದು’ ಎಂದು ಕೂಗಿದರೆ ಕಾಲೆತ್ತಿ ಬಿಟ್ಟುಬಿಡಬೇಕು, ಗೋಲಿ ಬಂದು ಹಿಡಿಯುತ್ತಾಳೆ. ಈ ಎರಡು ಮಾತಿನಲ್ಲೇ ಹನ್ನೊಂದು ವರ್ಷ ಅವರ ಸಂಸಾರ ಸಾಗಿತು. ಹಾಸ್ಟೆಲಿನಲ್ಲಿ ಒಂದೇ ಕೋಣೆ, ಒಂದೇ ಇಸ್ತ್ರಿಪೆಟ್ಟಿಗೆ. ಗೋಡೆಯ ಮಂಡಿಗೆ ಐಸ್ ಒತ್ತುತ್ತಿದ್ದವಳು ಗೋಲಿ, ಗೋಲಿಯ ಬೆರಳುಗಳಿಗೆ ಟೇಪ್ ಸುತ್ತುತ್ತಿದ್ದವಳು ಗೋಡೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಊಟಕ್ಕೂ ಹೋಗುತ್ತಿರಲಿಲ್ಲ.

*

ಇಪ್ಪತ್ತೇಳು ವರ್ಷದ ಹಿಂದಿನ ಆ ಫೈನಲ್ಲಿನಲ್ಲಿ ಎರಡು ತಂಡಕ್ಕೂ ಒಂದೊಂದು ಗೋಲಾಗಿತ್ತು. ಇನ್ನು ಎರಡೇ ನಿಮಿಷ ಉಳಿದಿದ್ದಾಗ ಮಧ್ಯದಿಂದ ಉದ್ದಕ್ಕೆ ಒದ್ದ ಚೆಂಡು ಗೋಡೆಯ ತಲೆಯ ಮೇಲಿಂದ ಹಾರಿ ಬಂತು. ಅವಳು ತಿರುಗಿ ಓಡಿ ಇನ್ನೇನು ಅದನ್ನು ಮುಟ್ಟಬೇಕು ಎನ್ನುವಷ್ಟರಲ್ಲಿ ಗೋಲಿ “ನಂದು” ಎಂದು ಕೂಗಿ ಎರಡು ಹೆಜ್ಜೆ ಮುಂದೆ ಬಂದಳು. ಗೋಡೆ ಕಾಲೆತ್ತಿದಳು. ಎದುರಾಳಿ ಹುಡುಗಿ ಮೈಮೇಲೆ ಬಿದ್ದೇಬಿಡುವಂತೆ ನುಗ್ಗಿ ಬರುತ್ತಿದ್ದುದನ್ನು ಗೋಲಿ ಕಂಡದ್ದು ಆಗ. ಹಿಂದಿನ ವರ್ಷ ಅಂಥದೇ ಡಿಕ್ಕಿಯಲ್ಲಿ ಗೋಲಿಯ ದವಡೆ ಮುರಿದಿತ್ತು. ಅವಳ ಕಾಲು ನೆಲ ಬಿಟ್ಟು ಏಳಲಿಲ್ಲ. ಯಾರಿಗೂ ಬೇಡವಾಗಿ ಪುಟಿಯುತ್ತಿದ್ದ ಚೆಂಡನ್ನು ಆ ಹುಡುಗಿ ಒಳಗೆ ತಳ್ಳಿದಳು.

“ಯಾಕೆ ಬಿಟ್ಟೆ?” ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ಕೇಳಿದ್ದು ಅದೊಂದೇ.

“ಗೋಲಿ ಕೂಗಿದ್ಲು.”

ಗ್ಯಾಲರಿಯ ಗದ್ದಲದಲ್ಲಿ ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಎಲ್ಲರೂ ಗೋಲಿಯ ಕಡೆ ತಿರುಗಿದರು.

“ನಾನು ಕೂಗಲಿಲ್ಲ” ಎಂದಳು ಗೋಲಿ.

ಗೋಡೆ ಅವಳತ್ತ ಒಮ್ಮೆ ನೋಡಿದಳು. ಆಮೇಲೆ ಬೂಟಿನ ಲೇಸು ಬಿಚ್ಚುತ್ತಾ, “ಹಾಗಾದ್ರೆ ನನಗೇ ಹಾಗೆ ಕೇಳಿಸ್ತೇನೋ” ಎಂದಳು.

ಮರುದಿನದ ಪತ್ರಿಕೆಯಲ್ಲಿ ಇಟ್ಟಿಗೆ ಗೋಡೆಗೆ ಆನೆಯ ಕಿವಿ ಹಚ್ಚಿದ ಚಿತ್ರ ಬಂತು. ಗೋಡೆಗೂ ಕಿವಿ ಇರುತ್ತದೆ, ನಮ್ಮದಕ್ಕೆ ಕೊಂಚ ಹೆಚ್ಚೇ ಇತ್ತು ಎಂದು ಊರೆಲ್ಲ ನಕ್ಕಿತು. ಕ್ಲಬ್ ಅವಳ ಕರಾರನ್ನು ಮುಂದುವರಿಸಲಿಲ್ಲ. ಅವಳು ಬಾಟಲಿ ಕಾರ್ಖಾನೆಗೆ ಸೇರಿದಳು. ಬೆಳಕಿನ ಮುಂದೆ ಸಾಲಾಗಿ ಸಾಗುವ ಬಾಟಲಿಗಳಲ್ಲಿ ಬಿರುಕು ಹುಡುಕುವ ಕೆಲಸ. ಯಂತ್ರಗಳ ಸದ್ದಿಗೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ, ಎಲ್ಲವೂ ಕೈಸನ್ನೆ.

ಅವಳು ಜಗಳವಾಡಿದ್ದರೆ ಗೋಲಿಗೆ ನಿದ್ದೆ ಬರುತ್ತಿತ್ತೇನೋ. ಆಡಲಿಲ್ಲ. ಅದೇ ಅನುಮಾನಕ್ಕೆ ಬೀಜವಾಯಿತು. ಯಾಕೆ ಸುಮ್ಮನಾದಳು? ಯಾವ ಕಾಲಕ್ಕೆಂದು ಕಾದಿಟ್ಟುಕೊಂಡಿದ್ದಾಳೆ? ಆರು ವರ್ಷದ ಮೇಲೆ ಹುಡುಗಿಯರಿಗೆ ಆಟ ಕಲಿಸುವ ಕೆಲಸಕ್ಕೆ ಗೋಡೆಯ ಅರ್ಜಿ ಬಂದಾಗ ಗೋಲಿ ಆಯ್ಕೆ ಸಮಿತಿಯಲ್ಲಿದ್ದಳು. ಇದು ಅರ್ಜಿಯಲ್ಲ, ಬೆದರಿಕೆ ಎಂದು ಅವಳಿಗೆ ಅನ್ನಿಸಿತು. ಅದನ್ನು ಕಟ್ಟಿನ ತಳಕ್ಕೆ ಸರಿಸಿದಳು. ಗೋಡೆ ಯಾಕೆಂದು ಕೇಳಲೂ ಇಲ್ಲ, ಗೋಲಿಯ ಅನುಮಾನ ಇನ್ನೊಂದು ಗೇಣು ಬೆಳೆಯಿತು.

*

“ಬನ್ನಿ ಆಂಟಿ, ಒಳಗೆ ಕೂತ್ಕೊಳ್ಳೋಣ” ಎಂದು ಮಗಳು ಪಕ್ಕದ ಕೋಣೆಗೆ ಕರೆದೊಯ್ದಳು. ಅವಳ ಹೆಗಲ ಮೇಲೆ ನಾಲ್ಕು ತಿಂಗಳ ಹೆಣ್ಣುಕೂಸು ನಿದ್ದೆ ಮಾಡುತ್ತಿತ್ತು. ಮಡಚುವ ಕುರ್ಚಿಗಳನ್ನು ಒಟ್ಟಿದ್ದ ಇಕ್ಕಟ್ಟಿನ ಕೋಣೆ. ಮಗಳು ಬಾಗಿಲು ಮುಂದಕ್ಕೆ ಮಾಡಿದಳು. ಬಾಗಿಲು ಯಾಕೆ ಮುಚ್ಚಬೇಕು ಎಂದುಕೊಂಡಳು ಗೋಲಿ.

ಮಗಳು ಚೀಲದಿಂದ ದಪ್ಪನೆಯ ಲಕೋಟೆ ತೆಗೆದು ಅವಳ ಮಡಿಲಿಗಿಟ್ಟಳು. ಒಳಗಿದ್ದುದು ಪತ್ರವಲ್ಲ, ಗೆರೆ ಎಳೆದ ನಕ್ಷೆಗಳು. ಕೆಲವು ಹಳದಿಗಟ್ಟಿದ್ದವು.

“ಏನಿದು?”

“ಅಮ್ಮನ ಕಿವಿ ಪರೀಕ್ಷೆ. ಎರಡು ವರ್ಷಕ್ಕೊಂದ್ಸಲ ಮಾಡಿಸ್ತಿದ್ರು. ಹದಿಮೂರು ಇದೆ. ಹದಿಮೂರರಲ್ಲೂ ಏನೂ ತೊಂದರೆ ಇಲ್ಲ ಅಂತಾನೇ ಇದೆ. ಕೊನೇ ಸಲ ಡಾಕ್ಟ್ರೇ ರೇಗಿದ್ರು, ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ, ಇನ್ನು ಬರಬೇಡಿ ಅಂತ.”

“ಮತ್ತೆ ಯಾಕೆ?”

“ಅಮ್ಮ ನಂಬಲಿಲ್ಲ. ಗೋಲಿ ಕೂಗಲಿಲ್ಲ ಅಂದ್ಲು, ಅವಳು ಸುಳ್ಳು ಹೇಳೋಳಲ್ಲ, ಅಂದ್ಮೇಲೆ ನನ್ನ ಕಿವೀಲೇ ಏನೋ ಇದೆ ಅಂತಿದ್ರು. ಎಲ್ಲರ ಮೇಲೂ ಅನುಮಾನ ಪಡೋ ಹೆಂಗಸು, ನಿಮ್ಮನ್ನ ಮಾತ್ರ ಬಿಟ್ಟುಬಿಟ್ಟಿದ್ರು.”

ಗೋಲಿ ಕಾಗದಗಳನ್ನು ಒಂದೊಂದಾಗಿ ತಿರುಗಿಸಿದಳು. ಅಕ್ಷರ ಕಾಣುತ್ತಿರಲಿಲ್ಲ.

“ಈ ಕೂಸನ್ನ ಒಂದು ದಿನ ಒಬ್ಬರೇ ಇಟ್ಟುಕೊಳ್ಳಲಿಲ್ಲ ಆಂಟಿ. ಅತ್ತರೆ ನನಗೆ ಕೇಳಿಸತ್ತೋ ಇಲ್ವೋ, ನನ್ನ ನಂಬಿ ಬಿಡಬೇಡ ಅಂತ ಬಾಗಿಲಲ್ಲೇ ನಿಂತು ನೋಡಿ ಹೋಗ್ತಿದ್ರು.” ಮಗಳು ದನಿ ತಗ್ಗಿಸಿದಳು. “ಈಗ ನನಗೂ ಶುರುವಾಗಿದೆ. ಸ್ನಾನಕ್ಕೆ ಹೋದ್ರೆ ಮಗು ಅತ್ತ ಹಾಗೆ ಕೇಳಿಸತ್ತೆ. ಓಡಿ ಬಂದು ನೋಡಿದ್ರೆ ನಿದ್ದೆ ಮಾಡ್ತಿರತ್ತೆ. ಬಾಣಂತಿಯರಿಗೆ ಹಾಗಾಗೋದು ಉಂಟು ಅಂತಾರೆ ಎಲ್ಲರೂ. ನನಗೆ ಅದು ಅಮ್ಮಂದೇ ಬಂತು ಅಂತ ಭಯ. ನೀವು ಅಮ್ಮನ ಜೊತೆ ಒಂದೇ ರೂಮಲ್ಲಿ ಇದ್ದವರು. ಆ ಮ್ಯಾಚ್‌ಗೂ ಮುಂಚೆ ಅಮ್ಮನಿಗೆ ಹೀಗೆ ಇಲ್ಲದ್ದು ಕೇಳಿಸ್ತಿತ್ತಾ? ಅದನ್ನ ಕೇಳೋಣ ಅಂತಾನೇ ಕರೆದದ್ದು.”

ಇಷ್ಟೇ. ಯಾರಿಗೂ ಏನೂ ಗೊತ್ತಿರಲಿಲ್ಲ. ಲೆಫ್ಟಿ ಕೇಳಿಸಿಕೊಂಡದ್ದೆಲ್ಲ ಹೊಗಳಿಕೆಯೇ ಇರಬೇಕು. ಬಾಗಿಲ ಸಂದಿಯಿಂದ ಕೋಚ್ ಕೋಲು ತೂರಿಸಿ, “ಮಾತು ಮುಗೀತಾ? ಮೈದಾನದ ಸಮಾರಂಭಕ್ಕೆ ನನಗೆ ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತೀಯಾ? ಹಿಂದೆ ಕೂತ್ರೆ ಕಾಣಲ್ಲ, ಅದೇ ಹೇಳೋಣ ಅಂತಿದ್ದೆ” ಎಂದು ಹೇಳಿ ಹೊರಟುಹೋದ.

ಗೋಲಿ ಗೆದ್ದಿದ್ದಳು. ‘ಇಲ್ಲಮ್ಮ, ಮುಂಚೆ ಹಾಗೇನೂ ಇರಲಿಲ್ಲ’ ಎಂದು ಹೇಳಿದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಎದ್ದು, ಕೂಸಿನ ತಲೆ ಸವರಿ, ಹೋಗಿಬಿಡಬಹುದಿತ್ತು. ಆದರೆ ಮಗಳು ಕೂಸಿನ ಮೂಗಿನ ಹತ್ತಿರ ಕಿವಿಯಿಟ್ಟು ಉಸಿರು ಕೇಳುತ್ತಿದ್ದಳು. ಕೇಳಿದ್ದು ಸಾಲದೆಂಬಂತೆ ಮೂಗಿಗೆ ತನ್ನ ಬೆರಳನ್ನೂ ಅಡ್ಡ ಹಿಡಿದು ನೋಡಿದಳು. ಗೋಲಿ ಕಾಗದಗಳನ್ನು ಮತ್ತೆ ಲಕೋಟೆಗೆ ಸೇರಿಸಿದಳು.

“ನಾನು ಕೂಗಿದ್ದೆ” ಎಂದಳು.

ಮಗಳು ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. “ಏನಂದ್ರಿ?”

ಏನೂ ಅನ್ನಲಿಲ್ಲ ಎಂದರೆ ಅವಳು ಅದನ್ನೂ ನಂಬುತ್ತಿದ್ದಳು. ಅವಳ ಅಮ್ಮ ನಂಬಿದ ಹಾಗೆಯೇ.

“ಕೂಗಿದ್ದೆ ಕಣಮ್ಮ. ನಂದು ಅಂತ ನಾನೇ ಕೂಗಿದ್ದೆ. ಆಮೇಲೆ ಹೆದರಿ ನಿಂತುಬಿಟ್ಟೆ. ಕೇಳಿದಾಗ ಇಲ್ಲ ಅಂದೆ. ನಿಮ್ಮಮ್ಮನ ಕಿವಿ ಸರಿಯಾಗೇ ಇತ್ತು. ನಿನ್ನದೂ ಸರಿಯಾಗೇ ಇದೆ.”

ಬೈಗುಳಕ್ಕೂ ಏಟಿಗೂ ಗೋಲಿ ಸಿದ್ಧಳಾಗಿ ಕೂತಳು. ಮಗಳು ಲಕೋಟೆಯನ್ನು ಅಲ್ಲೇ ಬಿಟ್ಟು, ಕೂಸನ್ನು ಎತ್ತಿಕೊಂಡೇ ಹೊರಗೆ ನಡೆದಳು. ಗೋಲಿ ಬಾಗಿಲ ತನಕ ಹಿಂಬಾಲಿಸಿ ನಿಂತಳು.

ಪೆಟ್ಟಿಗೆಯ ಮುಚ್ಚಳ ಹಿಡಿದು ಇಬ್ಬರು ಆಗಲೇ ಬಂದಿದ್ದರು. ಮಗಳು ಅವರನ್ನು ಕೈಯಿಂದ ತಡೆದಳು. ಬಗ್ಗಿ, ಅಮ್ಮನ ಕಿವಿಯ ಮೇಲಿದ್ದ ಬಿಳಿಕೂದಲನ್ನು ಹಿಂದಕ್ಕೆ ಸರಿಸಿದಳು.

“ಅಮ್ಮಾ, ಗೋಲಿ ಆಂಟಿ ಕೂಗಿದ್ರಂತೆ.”

ಇನ್ನಷ್ಟು ಹತ್ತಿರ ಬಾಯಿಟ್ಟು ಅದನ್ನೇ ಜೋರಾಗಿ ಹೇಳಿದಳು. ಮೂರನೆಯ ಸಲ ಹೇಳುವಾಗ ಹೆಗಲ ಮೇಲಿದ್ದ ಕೂಸು ಎಚ್ಚೆತ್ತು ಅಳತೊಡಗಿತು, ಹಾಲ್‌ನಲ್ಲಿದ್ದವರೆಲ್ಲ ಎದ್ದು ನಿಂತು ಗೋಲಿ ನಿಂತಿದ್ದ ಬಾಗಿಲ ಕಡೆ ತಿರುಗಿದ್ದರು.