ಗಾಜಿನ ತೊಟ್ಟಿಯ ಹುಲಿಯಪ್ಪ

ಮದುವೆಯಾಗಿ ಬಂದ ದಿನದಿಂದ ತಿಪ್ಪೇರುದ್ರಮ್ಮ ಗಂಡನ ಹೆಸರನ್ನಾಗಲಿ, ಗಂಡನ ಅಣ್ಣ ಹುಲಿಯಪ್ಪನವರ ಹೆಸರನ್ನಾಗಲಿ ಬಾಯಿಬಿಟ್ಟು ಹೇಳಿದವಳಲ್ಲ. ಹಿರಿಯರ ಹೆಸರು ಹಿಡಿದು ಕರೆಯುವ ಸೊಸೆ ಆ ಮನೆತನಕ್ಕೆ ಕಾಲಿಟ್ಟಿರಲೇ ಇಲ್ಲ. ಈಗ ನೋಡಿದರೆ, ಚಳ್ಳಕೆರೆಯ ಅವಳ ಮನೆಯಿಂದ ಬೆಳಗೆದ್ದರೆ ಬೀದಿಗೆಲ್ಲ ಕೇಳುವಂತೆ ಒಂದೇ ಕೂಗು: "ಲೇ ಹುಲಿಯಪ್ಪ! ನಿನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ!"

ಬೈಸಿಕೊಳ್ಳುತ್ತಿದ್ದವನು ಒಂದು ಮೀನು. ಮದುವೆ ಫೋಟೊ ತೆಗೆಯುವ ಮಗ ಮಹಾಂತೇಶ ಹಜಾರದಲ್ಲಿ ದೊಡ್ಡ ಗಾಜಿನ ತೊಟ್ಟಿಯಿಟ್ಟು ಆಫ್ರಿಕಾದ ಸಿಕ್ಲಿಡ್ ಮೀನುಗಳನ್ನು ಸಾಕಿದ್ದ. ಬೇಳೆಯೂ ಬೇಯದ ಬೋರಿನ ಗಡಸು ನೀರು ಅವಕ್ಕೆ ಹೇಳಿ ಮಾಡಿಸಿದಂತಿತ್ತು. ಅವುಗಳ ಬಣ್ಣವೇನು, ಜಗಳವೇನು! ಒಂದೊಂದು ಕಲ್ಲಿಗೂ ಒಬ್ಬೊಬ್ಬ ಯಜಮಾನ. ನೀಲಿ ಮೈಗೆ ಕಪ್ಪು ಪಟ್ಟೆಯವನು ಆ ಯಜಮಾನರಿಗೆಲ್ಲ ಯಜಮಾನ. ಮನೆ ಪಾಲಾದ ದಿನ ತಳುಕು ಊರಿನ ಹಳೇ ಮನೆಯಂಗಳದಲ್ಲಿ ನಿಂತು ಕೂಗಾಡಿದ ಭಾವನನ್ನೇ ಕಂಡಂತಾಗಿ ಅವಳು ಆ ಹೆಸರಿಟ್ಟಳು. ಅಷ್ಟು ವರ್ಷ ನುಂಗಿಕೊಂಡ ಹೆಸರನ್ನು ಬಾಯ್ತುಂಬ ಕೂಗುವ ಸುಖ ಅವಳೊಬ್ಬಳಿಗೇ ಗೊತ್ತು.

ಇನ್ನೊಂದು ಅರಿಶಿನ ಬಣ್ಣದ ಸಾಧು ಮೀನು. ಕಲ್ಲಿನ ಸಂದಿಯಿಂದ ಅರ್ಧ ಮುಖ ಹೊರಗೆ ಹಾಕಿ, ಎಲ್ಲರದೂ ಆದಮೇಲೆ ಉಳಿದದ್ದನ್ನು ತಿನ್ನುವಂಥದ್ದು. ಅದಕ್ಕೆ ಹೆಸರಿಲ್ಲ. "ಇವ್ರು ಇನ್ನೂ ಉಂಡಿಲ್ಲ ನೋಡಪ್ಪ" ಎನ್ನುತ್ತಿದ್ದಳು, ಅಷ್ಟೇ. ಅಪ್ಪ ತೀರಿಹೋದ ಮೇಲೆ ಅವ್ವನ ಬಾಯಲ್ಲಿ ಮತ್ತೆ ಆ ಮಾತು ಬಂದದ್ದು ಕೇಳಿ ಮಹಾಂತೇಶ ಮೊದಲು ನಕ್ಕ, ಆಮೇಲೆ ಯಾವತ್ತೂ ನಗಲಿಲ್ಲ.

"ಇವ್ರದೊಂದು ಫೋಟೊ ತೆಗೆದುಕೊಡೋ" ಎಂದು ಅವಳು ಕಾಡುತ್ತಿದ್ದಳು. ತನ್ನ ಪ್ರತಿಬಿಂಬ ಗಾಜಿನ ಮೇಲೆ ಬೀಳದಂತೆ ಅವನು ಕರಿ ಕಂಬಳಿ ಹೊದ್ದು ಕ್ಯಾಮೆರಾ ಹಿಡಿದು ಕೂರುತ್ತಿದ್ದ. ಅರಿಶಿನದವನು ಸಂದಿ ಬಿಟ್ಟು ಬರುವುದಕ್ಕೂ ಹುಲಿಯಪ್ಪ ಬಾಣದಂತೆ ನುಗ್ಗುವುದಕ್ಕೂ ಸರಿಹೋಗುತ್ತಿತ್ತು. ಎಷ್ಟು ತೆಗೆದರೂ ಒಂದು ಬಾಲ, ಒಂದಿಷ್ಟು ಮರಳು.

ಒಂದು ದಿನ ಮಗ ಮದುವೆಯೊಂದರ ಫೋಟೊ ತೆಗೆಯಲು ಮೊಳಕಾಲ್ಮೂರಿಗೆ ಹೋದಾಗ ತಿಪ್ಪೇರುದ್ರಮ್ಮ ತಾನೇ ಪಂಚಾಯ್ತಿಗೆ ಇಳಿದಳು. ಒಂದೇ ಮನೆಯಲ್ಲಿ ಇಷ್ಟು ಜನ ಸೇರಿದ್ದಕ್ಕೇ ಈ ರಂಪ, ಬೇರೆ ಮಾಡಿಬಿಟ್ಟರೆ ತಣ್ಣಗಿರುತ್ತವೆ ಎಂಬುದು ಅವಳ ಲೆಕ್ಕ. ಹಿಂದೆ ಅಣ್ಣತಮ್ಮಂದಿರನ್ನು ಬೇರೆ ಮಾಡುವಾಗ ಹಿರಿಯರು ಹೇಳಿದ್ದೂ ಅದನ್ನೇ. ಕಾಳು ತೋರಿಸಿ, ಬಲೆಗೆ ಬಂದವರನ್ನೆಲ್ಲ ನೀರಿನ ಡ್ರಮ್ಮಿಗೆ ಸಾಗಿಸಿದಳು. ಬಲೆಗೆ ಸಿಗದೆ ಉಳಿದವರು ಇಬ್ಬರೇ, ಹುಲಿಯಪ್ಪ ಮತ್ತು ಇವರು.

ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅನಾಹುತ ಆಗಿತ್ತು. ಹತ್ತಾರು ಮೀನುಗಳಿಗೆ ಹಂಚಿಹೋಗುತ್ತಿದ್ದ ಸಿಟ್ಟೆಲ್ಲ ಈಗ ಒಬ್ಬನ ಮೇಲೇ. ಅರಿಶಿನದವನು ರೆಕ್ಕೆ ಹರಿದು, ಮೇಲಿನ ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದ. ಅವಳು ಮಗನಿಗೆ ಫೋನು ಹಚ್ಚಿದಳು.

"ಅಯ್ಯೋ ಅವ್ವ, ಎಂಥ ಕೆಲ್ಸ ಮಾಡಿದೆ! ಎಲ್ಲಾ ಕಲ್ಲು ಮೊದ್ಲು ಬೇರೆ ಬೇರೆ ಕಡೆ ಇಡು. ಯಾವ ಜಾಗ ಯಾರ್ದು ಅಂತ ಅವಕ್ಕೇ ತಿಳೀಬಾರ್ದು. ಆಮೇಲೆ ಎಲ್ಲಾರ್ನೂ ಒಟ್ಟಿಗೇ ಬಿಡು. ಬೇಗ, ಇಲ್ಲಾಂದ್ರೆ ಹಳದೀದು ಉಳಿಯಲ್ಲ!"

ಅವಳ ಕೈ ತಳದ ಕಲ್ಲಿಗೆ ಎಟುಕದು. ಸ್ಟೂಲು ಹತ್ತಿ ಒದ್ದಾಡುತ್ತಿರುವಾಗಲೇ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ತಿರುಗಿದರೆ ಬಿಳಿ ರುಮಾಲು, ಗಿರಿಜಾ ಮೀಸೆ, ಕೈಯಲ್ಲಿ ಮೊಮ್ಮಗಳು ದೀಪಿಕಾಳ ಲಗ್ನಪತ್ರಿಕೆ. ಸಾಕ್ಷಾತ್ ಭಾವ! ತಮ್ಮನ ಮಣ್ಣಿಗೆ ಬಂದಾಗಲೂ ಬೀದಿಯಲ್ಲೇ ನಿಂತು ಹೋದ ಮನುಷ್ಯ ಇವತ್ತು ಹೊಸ್ತಿಲ ಒಳಗೆ ನಿಂತಿದ್ದರು.

ಸೆರಗು ಹೊದೆಯುವುದಕ್ಕೂ ಪುರಸೊತ್ತಿಲ್ಲ. "ಭಾವಾರೆ, ಕುತ್ಕೊಳ್ಳಿ ಅನ್ನಕ್ಕೂ ಟೈಮಿಲ್ಲ. ಆ ಕಲ್ಲು ಎತ್ತಿ, ಪುಣ್ಯ ಬರ್ತೈತೆ!"

ಭಾವ ಪತ್ರಿಕೆ ಪಕ್ಕಕ್ಕಿಟ್ಟು, ಅಂಗಿ ತೋಳು ಮಡಚಿ, ಭುಜದವರೆಗೂ ಕೈ ಇಳಿಸಿದರು. ಕಲ್ಲು ಎದ್ದದ್ದೇ ತಡ, ನೀಲಿಯವನು ಅವರ ಬೆರಳು ಕಚ್ಚಿ, ಅಲ್ಲಿಂದ ಮೂಲೆಯವನ ಮೇಲೆ ಹಾರಿದ.

"ಲೇ ಹುಲಿಯಪ್ಪ! ಇವ್ರನ್ನ ಮುಟ್ಟಿದ್ರೆ ಹುಟ್ಟಿಲ್ಲ ಅನ್ನಿಸ್ಬಿಡ್ತೀನಿ ನೋಡು!"

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನೀರೊಳಗಿನ ಕೈ ನಿಂತುಹೋಯಿತು.

"ನಂಗೇನವ್ವ?"

"ಅಯ್ಯೋ ಶಿವನೆ, ನಿಮಗಲ್ಲ ಭಾವ. ಆ... ಆ ಮೀನಿಗೆ."

ಅವರು ಬಗ್ಗಿ ನೀಲಿಯವನನ್ನು ದಿಟ್ಟಿಸಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಸರಿಯಾಗೇ ಇಟ್ಟೀಯ ಬಿಡು. ಮೀಸೆ ಒಂದು ಕಮ್ಮಿ ಐತೆ." ಕಣ್ಣೊರೆಸಿಕೊಂಡು ಕೇಳಿದರು, "ಇವ್ರು ಅಂದ್ಯಲ್ಲ, ಅದ್ಯಾವುದು?"

ಅವಳು ಮೂಲೆಯ ಹರಿದ ರೆಕ್ಕೆಯವನತ್ತ ಬೆರಳು ತೋರಿಸಿದಳು, ಅಷ್ಟೇ.

ಭಾವನ ನಗು ಅಲ್ಲೇ ನಿಂತಿತು. ಕಲ್ಲುಗಳನ್ನೆಲ್ಲ ಅದಲುಬದಲು ಮಾಡಿ, ಕೊನೆಗೆ ಎರಡು ಚಪ್ಪಟೆ ಕಲ್ಲು ಹುಡುಕಿ ಗೂಡು ಕಟ್ಟಿದರು. ಬಾಗಿಲು ಎಷ್ಟು ಇಕ್ಕಟ್ಟೆಂದರೆ ನೀಲಿಯವನ ದಪ್ಪ ಮೈ ಹಿಡಿಸುವಂತಿರಲಿಲ್ಲ.

"ಲೇ," ಎಂದು ನೀಲಿಯವನಿಗೆ ಗಾಜು ತಟ್ಟಿ ಹೇಳಿದರು, "ಬಿಡಲೇ ಅವನ್ನ. ತಮ್ಮ ಅವನು."

ಡ್ರಮ್ಮಿನ ಸಂಸಾರವೆಲ್ಲ ಒಟ್ಟಿಗೇ ತೊಟ್ಟಿಗೆ ಇಳಿಯಿತು. ತನ್ನ ಕಲ್ಲು ಯಾವುದೆಂದು ತಿಳಿಯದೆ ಹುಲಿಯಪ್ಪ ಪೆಚ್ಚಾಗಿ ಅಲೆದ. ಅರಿಶಿನದವನು ಮೆಲ್ಲಗೆ ಜಾರಿ ಗೂಡು ಸೇರಿದ. ಆ ಮಧ್ಯಾಹ್ನ ಭಾವ ತಮ್ಮನ ಮನೆಯಲ್ಲಿ ರಾಗಿ ಮುದ್ದೆ ಉಂಡರು. ಪಾಲಾದ ಮೇಲೆ ಅದೇ ಮೊದಲು.

ಮಹಾಂತೇಶ ಬಂದಾಗ ದೊಡ್ಡಪ್ಪ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅರಿಶಿನದವನು ಗೂಡಿನಿಂದ ಪೂರ್ತಿ ಹೊರಬಂದು ನಿಂತಿದ್ದ. ಹುಡುಗ ಗಡಿಬಿಡಿಯಲ್ಲಿ ಕಂಬಳಿ ಹೊದ್ದು ಕ್ಯಾಮೆರಾ ಎತ್ತಿದ. "ಎಲ್ಲಿ, ನಂಗೂ ಕಾಣ್ಲಿ" ಎಂದು ದೊಡ್ಡಪ್ಪ ಕಂಬಳಿ ಸರಿಸಿ ಮುಖ ತೂರಿಸಿದರು. ಅಷ್ಟರಲ್ಲಿ ಕ್ಲಿಕ್ ಆಗಿತ್ತು.

"ಛೇ, ಹಾಳಾಯ್ತು! ಮೀನಿನ ಪಕ್ಕದಾಗೇ ಗಾಜಿನ ಮ್ಯಾಲೆ ದೊಡ್ಡಪ್ಪನ ಮುಖ ಬಿದ್ದೈತೆ. ಅಳಿಸಿ ಇನ್ನೊಂದು ತೆಗೀತೀನಿ."

ತಿಪ್ಪೇರುದ್ರಮ್ಮ ಕ್ಯಾಮೆರಾ ಇಸಿದುಕೊಂಡು ನೋಡಿದಳು.

"ಅಳಿಸಬ್ಯಾಡ ಮಗಾ. ಅಣ್ಣತಮ್ಮ ಇಬ್ರೂ ಇರೋ ಫೋಟೊ ನಮ್ಮನ್ಯಾಗೆ ಒಂದೂ ಇಲ್ಲ."